ಸ್ಕೌಟ್ ದಳದ ಒಂದು ವರ್ಷ: ಹೈಕ್, ಶಿಬಿರ, ಸೇವೆಗಳನ್ನು ಒಟ್ಟಿಗೆ ಯೋಜಿಸುವುದು ಹೇಗೆ?

ಸ್ಕೌಟ್ ದಳದ ವಾರ್ಷಿಕ ಯೋಜನೆಯನ್ನು ಎಷ್ಟೋ ಕಡೆ ಸ್ಕೌಟ್ ಮಾಸ್ಟರ್ ಒಬ್ಬರೇ ಕುಳಿತು ಬರೆದು ಮುಗಿಸುತ್ತಾರೆ. ಒಂದು ಪುಟದಲ್ಲಿ ಹೈಕ್ ಮತ್ತು ಶಿಬಿರಗಳ ದಿನಾಂಕಗಳಿರುತ್ತವೆ, ಇನ್ನೊಂದು ಪುಟದಲ್ಲಿ ಸಸಿ ನೆಡುವುದು, ಸ್ವಚ್ಛತಾ ಅಭಿಯಾನ ಮುಂತಾದ ಸೇವಾ ಕಾರ್ಯಗಳು. ಈ ಎರಡು ಪುಟಗಳಿಗೆ ಪರಸ್ಪರ ಸಂಬಂಧವಿಲ್ಲದಿದ್ದರೆ ಮಕ್ಕಳ ಮನಸ್ಸಿನಲ್ಲಿ ಮೊದಲನೆಯದು ಸಂತೋಷದ ಸಂಗತಿಯಾಗಿಯೂ ಎರಡನೆಯದು ಅದಕ್ಕಾಗಿ ತೆರಬೇಕಾದ ಸುಂಕವಾಗಿಯೂ ಕುಳಿತುಬಿಡುತ್ತದೆ. ಹೊರಸಂಚಾರದಲ್ಲಿ ಕಲಿತ ಕೌಶಲವು ಮುಂದಿನ ತಿಂಗಳ ಸೇವೆಯಲ್ಲಿ ಬಳಕೆಗೆ ಬರುವಂತೆ, ಸೇವೆಯಲ್ಲಿ ಕಂಡ ಕೊರತೆಯು ಮುಂದಿನ ಶಿಬಿರದ ಪಾಠವಾಗುವಂತೆ ವರ್ಷವನ್ನು ಹೆಣೆಯುವುದು ಸಾಧ್ಯ. ಅದಕ್ಕೆ ಬೇಕಾದ ಹೆಜ್ಜೆಗಳನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ಹೆಜ್ಜೆ: ಮಾತು ದಳದೊಳಗಿನ ಚಿಕ್ಕ ಗುಂಪುಗಳಾದ ಪೆಟ್ರೋಲ್‌ಗಳಿಂದ ಆರಂಭವಾಗಲಿ

1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸ್ಕೌಟಿಂಗ್ ಸ್ಥಾಪಕ ಬೇಡನ್ ಪೊವೆಲ್ ನಡೆಸಿದ ಪ್ರಾಯೋಗಿಕ ಶಿಬಿರದಲ್ಲಿ ಸುಮಾರು 20 ಹುಡುಗರಿದ್ದರು. ಅವರನ್ನು ತೋಳ, ಗೂಳಿ, ಕರ್ಲ್ಯೂ ಹಕ್ಕಿ ಮತ್ತು ರೇವನ್ ಕಾಗೆ ಎಂಬ ಹೆಸರಿನ 4 ಪೆಟ್ರೋಲ್‌ಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಹುಡುಗರಲ್ಲೇ ಒಬ್ಬನನ್ನು ನಾಯಕನನ್ನಾಗಿ ಮಾಡಲಾಗಿತ್ತು. ಇಂತಹ ಚಿಕ್ಕ ಗುಂಪೇ ಇಂದಿಗೂ ಸ್ಕೌಟಿಂಗ್‌ನ ಬೆನ್ನೆಲುಬು. ಆದ್ದರಿಂದ ಯೋಜನೆಯೂ ಅಲ್ಲಿಂದಲೇ ಹುಟ್ಟಬೇಕು.

ವರ್ಷಾರಂಭಕ್ಕೆ ಒಂದು ತಿಂಗಳು ಮುನ್ನ ಪ್ರತಿ ಪೆಟ್ರೋಲ್ ಪ್ರತ್ಯೇಕವಾಗಿ ಸೇರಿ, ಹೋಗಬೇಕೆನಿಸಿದ 3 ಜಾಗಗಳನ್ನೂ ಸುತ್ತಮುತ್ತ ತಮ್ಮ ಕಣ್ಣಿಗೆ ಬಿದ್ದಿರುವ 3 ಕೊರತೆಗಳನ್ನೂ ಬರೆದುಕೊಳ್ಳಲಿ. ಪೆಟ್ರೋಲ್ ಲೀಡರ್‌ಗಳು ಈ ಪಟ್ಟಿಗಳನ್ನು ಕೋರ್ಟ್ ಆಫ್ ಆನರ್ ಎಂಬ ತಮ್ಮ ಸಭೆಗೆ ತಂದು ಚರ್ಚಿಸಿ ಆಯ್ಕೆ ಮಾಡಲಿ. ಈ ಸಭೆಯಲ್ಲಿ ಸ್ಕೌಟ್ ಮಾಸ್ಟರ್‌ಗೆ ಇರುವ ಮುಖ್ಯ ಅಧಿಕಾರವೆಂದರೆ ಸುರಕ್ಷತೆಯ ದೃಷ್ಟಿಯಿಂದ ಬೇಡ ಎನ್ನುವುದು; ಉಳಿದಂತೆ ಅವರು ಎಷ್ಟು ಕಡಿಮೆ ಮಾತನಾಡಿದರೆ ಅಷ್ಟು ಒಳ್ಳೆಯದು. ಮಕ್ಕಳು ಆರಿಸಿದ ಯೋಜನೆ ಹಿರಿಯರು ಬರೆದದ್ದಕ್ಕಿಂತ ಒರಟಾಗಿರುತ್ತದೆ, ನಿಜ. ಆದರೆ ತಾವೇ ಆರಿಸಿದ ಕೆಲಸಕ್ಕೆ ಗೈರುಹಾಜರಾಗಲು ಅವರಿಗೆ ಸಂಕೋಚವೆನಿಸುತ್ತದೆ.

ಎರಡನೆಯ ಹೆಜ್ಜೆ: ತಿಂಗಳುಗಳ ಜೋಡಣೆ

ದೊಡ್ಡ ಹಾಳೆಯೊಂದರಲ್ಲಿ 12 ತಿಂಗಳುಗಳನ್ನು ಬರೆದು ಮೊದಲು ಪರೀಕ್ಷೆಗಳು, ಶಾಲಾ ರಜೆಗಳು ಮತ್ತು ಅತಿ ಮಳೆ ಅಥವಾ ಅತಿ ಬಿಸಿಲಿನ ವಾರಗಳನ್ನು ಹೊಡೆದುಹಾಕಬೇಕು. ನಂತರ ಬೇಡನ್ ಪೊವೆಲ್ ಹುಟ್ಟಿದ ಫೆಬ್ರವರಿ 22, ಜೂನ್ 5ರ ವಿಶ್ವ ಪರಿಸರ ದಿನ, ಅಕ್ಟೋಬರ್‌ನಲ್ಲಿ ಹ್ಯಾಮ್ ರೇಡಿಯೊ ಮತ್ತು ಅಂತರ್ಜಾಲದ ಮೂಲಕ ಜಗತ್ತಿನ ಸ್ಕೌಟರು ಮಾತನಾಡಿಕೊಳ್ಳುವ ಜಾಂಬೂರಿಯಂತಹ ನಿಗದಿತ ದಿನಗಳನ್ನು ಗುರುತಿಸಬೇಕು. ಉಳಿದ ಜಾಗದಲ್ಲಿ ಹೊರಸಂಚಾರಗಳನ್ನು ಕಷ್ಟದ ಏರುಕ್ರಮದಲ್ಲಿ ಇಡುವುದು ವಿವೇಕ: ಮೊದಲು ಅರ್ಧ ದಿನದ ನಡಿಗೆ, ಅನಂತರ ಪೂರ್ಣ ದಿನದ ಹೈಕ್, ಆಮೇಲೆ ಒಂದು ರಾತ್ರಿಯ ಶಿಬಿರ, ಕೊನೆಗೆ ಮೂರು ನಾಲ್ಕು ದಿನಗಳ ವಾರ್ಷಿಕ ಶಿಬಿರ.

ಪ್ರತಿ ಹೊರಸಂಚಾರದ ಪಕ್ಕದಲ್ಲಿ ಅದರಿಂದ ಪೋಷಣೆ ಪಡೆಯುವ ಸೇವೆಯನ್ನು ಬರೆಯಬೇಕು. ನಕ್ಷೆ ಮತ್ತು ದಿಕ್ಸೂಚಿ ಬಳಸಿ ನಡೆಯುವುದನ್ನು ಕಲಿತ ತಿಂಗಳ ನಂತರ, ಗಾಲಿಕುರ್ಚಿ ಬಳಸುವವರಿಗೆ ಯಾವ ರಸ್ತೆ, ಯಾವ ಕಟ್ಟಡ ಪ್ರವೇಶಯೋಗ್ಯ ಎಂಬ ಬಡಾವಣೆಯ ನಕ್ಷೆಯನ್ನು ದಳ ತಯಾರಿಸಬಹುದು. ಕ್ಲೋವ್ ಹಿಚ್ ಗಂಟು ಮತ್ತು ಲ್ಯಾಶಿಂಗ್ ಕಟ್ಟುಗಳನ್ನು ಅಭ್ಯಾಸ ಮಾಡಿದ ಶಿಬಿರದ ನಂತರ ಶಾಲಾ ತೋಟಕ್ಕೆ ಬೇಲಿ ಅಥವಾ ಬಳ್ಳಿಗಳಿಗೆ ಚಪ್ಪರ ಕಟ್ಟಬಹುದು. ಪ್ರಥಮ ಚಿಕಿತ್ಸೆಯ ತರಬೇತಿ ಪಡೆದವರು ರಕ್ತ ಕೊಡುವ ವಯಸ್ಸಾಗದಿದ್ದರೂ ರಕ್ತದಾನ ಶಿಬಿರದಲ್ಲಿ ದಾನಿಗಳಿಗೆ ದಾರಿ ತೋರಿಸುವ, ವಿಶ್ರಾಂತಿ ಕೊಠಡಿಯಲ್ಲಿ ಅವರನ್ನು ಗಮನಿಸುವ ಕೆಲಸಕ್ಕೆ ಸಮರ್ಥರಾಗುತ್ತಾರೆ.

ಮೂರನೆಯ ಹೆಜ್ಜೆ: ಸೇವೆಯ ಸ್ಥಳವನ್ನು ಕೇಳಿ ಆರಿಸುವುದು

ಏನು ಮಾಡಬೇಕೆಂದು ಸೇವೆ ಪಡೆಯುವವರನ್ನೇ ಕೇಳದೆ ಹೊರಡುವುದು ಈ ಕ್ಷೇತ್ರದ ಅತ್ಯಂತ ಸಾಮಾನ್ಯ ದೋಷ. ವೃದ್ಧಾಶ್ರಮಕ್ಕೆ ಹಾಡು, ನೃತ್ಯದ ಕಾರ್ಯಕ್ರಮ ಒಯ್ಯುವ ತಂಡಗಳು ಬೇಕಾದಷ್ಟಿರುತ್ತವೆ. ಅಲ್ಲಿನವರಿಗೆ ಬೇಕಾಗಿರುವುದು ಕನ್ನಡಕದ ನಂಬರು ಬದಲಾದ ಮೇಲೆ ಓದಲಾಗದ ಪತ್ರವನ್ನು ಓದಿ ಹೇಳುವ ಒಬ್ಬ ಹುಡುಗ ಅಥವಾ ಹುಡುಗಿ ಆಗಿರಬಹುದು. ಹೀಗಾಗಿ ಇಬ್ಬರು ಪೆಟ್ರೋಲ್ ಲೀಡರ್‌ಗಳು ಒಬ್ಬ ಹಿರಿಯರೊಂದಿಗೆ ಮುಂಚಿತವಾಗಿ ಸ್ಥಳಕ್ಕೆ ಹೋಗಿ, ಯಾವ ಕೆಲಸ ಬಾಕಿ ಉಳಿದಿದೆ, ಯಾವ ದಿನ ಬಂದರೆ ಅನುಕೂಲ, ಎಷ್ಟು ಜನ ಬಂದರೆ ತೊಂದರೆಯಾಗದು ಎಂಬ ಮೂರು ಪ್ರಶ್ನೆಗಳನ್ನು ಕೇಳಿ ಬರಬೇಕು. ಮೂರನೆಯ ಪ್ರಶ್ನೆಯನ್ನು ಮರೆಯಬಾರದು. 8 ಜನರ ಕೆಲಸಕ್ಕೆ 30 ಜನ ಹೋದರೆ 22 ಜನರನ್ನು ಸಂಭಾಳಿಸುವುದೇ ಆತಿಥೇಯರಿಗೆ ಹೊಸ ಕೆಲಸವಾಗುತ್ತದೆ.

ವರ್ಷದಲ್ಲಿ ಹತ್ತು ಕಡೆ ಒಂದೊಂದು ಬಾರಿ ಹೋಗುವುದಕ್ಕಿಂತ ಎರಡು ಕಡೆ ಐದೈದು ಬಾರಿ ಹೋಗುವುದು ಮೇಲು ಎಂಬುದು ಈ ಲೇಖಕರ ಖಚಿತ ಅಭಿಪ್ರಾಯ. ಸಸಿ ನೆಡುವ ಕಾರ್ಯಕ್ರಮವನ್ನೇ ನೋಡಿ. ಗುಂಡಿ ತೋಡಿ, ಗಿಡವಿಟ್ಟು, ಬ್ಯಾನರ್ ಹಿಡಿದು ಛಾಯಾಚಿತ್ರ ತೆಗೆಸಿಕೊಳ್ಳಲು ಒಂದು ಬೆಳಗ್ಗೆ ಸಾಕು. ಆದರೆ ಬೇರು ಇಳಿಯುವ ಮೊದಲ ವರ್ಷದ ಒಣ ತಿಂಗಳುಗಳಲ್ಲಿ ನೀರು, ದನಕರುಗಳಿಂದ ರಕ್ಷಣೆ, ಬುಡದ ಸುತ್ತ ಒಣ ಎಲೆಗಳ ಹೊದಿಕೆ ಇವುಗಳಿಲ್ಲದಿದ್ದರೆ ಆ ಬೆಳಗಿನ ಶ್ರಮ ವ್ಯರ್ಥ. 100 ಸಸಿ ನೆಟ್ಟು ಮರೆಯುವ ಬದಲು 15 ನೆಟ್ಟು, ಪ್ರತಿ ಪೆಟ್ರೋಲ್‌ಗೆ ನೀರುಣಿಸುವ ಸರದಿ ಹಂಚಿ, ವರ್ಷದ ಕೊನೆಯಲ್ಲಿ ಎಷ್ಟು ಉಳಿದಿವೆ ಎಂದು ಎಣಿಸುವ ದಳಕ್ಕೆ ಹೇಳಿಕೊಳ್ಳಲು ನಿಜವಾದ ಲೆಕ್ಕವಿರುತ್ತದೆ.

ನಾಲ್ಕನೆಯ ಹೆಜ್ಜೆ: ಹೈಕ್‌ಗೆ ಸಿದ್ಧತೆ

ಸಮಯದ ಅಂದಾಜು ತಪ್ಪುವುದರಿಂದಲೇ ಹೈಕ್‌ಗಳು ಹೆಚ್ಚಾಗಿ ಕೆಡುತ್ತವೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಉಪಯುಕ್ತ: ಸಮತಟ್ಟು ನೆಲದಲ್ಲಿ ಗಂಟೆಗೆ ಸುಮಾರು 5 ಕಿಲೋಮೀಟರ್ ನಡಿಗೆ, ಅದರ ಮೇಲೆ ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಇದರ ಪ್ರಕಾರ 12 ಕಿಲೋಮೀಟರ್ ಉದ್ದದ, 300 ಮೀಟರ್ ಏರಿನ ದಾರಿಗೆ 3 ಗಂಟೆಗೆ ತುಸು ಕಡಿಮೆ ಸಾಕು. ಆದರೆ ಈ ಲೆಕ್ಕ ಗಟ್ಟಿಮುಟ್ಟಾದ ವಯಸ್ಕರದು. ಹೊರೆ ಹೊತ್ತ ಮಕ್ಕಳ ಗುಂಪಿಗೆ ಅದರ ಅರ್ಧದಷ್ಟು ಸಮಯವನ್ನು ಸೇರಿಸಿ, ವಿಶ್ರಾಂತಿಯನ್ನು ಬೇರೆಯೇ ಎಣಿಸಿ, ಸೂರ್ಯಾಸ್ತಕ್ಕೆ 2 ಗಂಟೆ ಮೊದಲೇ ನಡಿಗೆ ಮುಗಿಯುವಂತೆ ಹೊರಡುವ ಸಮಯವನ್ನು ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕು.

ಹೊರಡುವ ಹಿಂದಿನ ಸಂಜೆ ಪ್ರತಿಯೊಬ್ಬರ ಚೀಲವನ್ನೂ ನೆಲದ ಮೇಲೆ ಹಾಸಿದ ಬಟ್ಟೆಗೆ ಸುರಿಸಿ ನೋಡುವ ಪದ್ಧತಿ ಇಟ್ಟುಕೊಳ್ಳುವುದು ಒಳಿತು. ಮೂರು ಟಾರ್ಚ್‌ಗಳು ಹೊರಬರುತ್ತವೆ, ಒಂದಕ್ಕೂ ಬ್ಯಾಟರಿ ಇರುವುದಿಲ್ಲ. ಹೊಚ್ಚ ಹೊಸ ಬೂಟು ಪೆಟ್ಟಿಗೆ ಸಮೇತ ಬರುತ್ತದೆ, ಅದನ್ನು ತೊಟ್ಟು ಇನ್ನೂ ನೂರು ಹೆಜ್ಜೆಯೂ ನಡೆದಿರುವುದಿಲ್ಲ. ಹೊಸ ಬೂಟನ್ನು ಮನೆಗೆ ಕಳುಹಿಸಿ, ಪಳಗಿದ ಹಳೆಯದನ್ನೇ ಹಾಕಿಕೊಂಡು ಬರಲು ಹೇಳಬೇಕು. ಮತ್ತೆ ತುಂಬುವಾಗ ಭಾರದ ವಸ್ತುಗಳು ಬೆನ್ನಿಗೆ ಹತ್ತಿರ ಮಧ್ಯಭಾಗದಲ್ಲಿರಲಿ, ಬದಲಿ ಉಡುಪು ಪ್ಲಾಸ್ಟಿಕ್ ಚೀಲದೊಳಗೆ ತಳದಲ್ಲಿರಲಿ, ಮಳೆಯಂಗಿ ಮತ್ತು ಪ್ರಥಮ ಚಿಕಿತ್ಸಾ ಪೆಟ್ಟಿಗೆ ಎಲ್ಲಕ್ಕಿಂತ ಮೇಲಿರಲಿ. ಒಟ್ಟು ಹೊರೆ ಮಗುವಿನ ದೇಹತೂಕದ ಐದನೆಯ ಒಂದು ಭಾಗವನ್ನು ಮೀರದಿದ್ದರೆ ಚೆನ್ನ.

ಪೋಷಕರ ಲಿಖಿತ ಒಪ್ಪಿಗೆ, ಅಲರ್ಜಿ ಮತ್ತು ನಿತ್ಯ ಔಷಧಗಳ ವಿವರ, ಕನಿಷ್ಠ ಇಬ್ಬರು ವಯಸ್ಕರ ಹಾಜರಿ ಇವು ಚರ್ಚೆಗೆ ಅವಕಾಶವಿಲ್ಲದ ಷರತ್ತುಗಳು. ದಾರಿಯ ವಿವರ ಮತ್ತು ಹಿಂದಿರುಗುವ ಸಮಯವನ್ನು ಬರೆದ ಒಂದು ಪ್ರತಿ ಊರಿನಲ್ಲೇ ಉಳಿಯುವ ಒಬ್ಬರ ಕೈಯಲ್ಲಿರಬೇಕು. ನಡೆಯುವಾಗ ಜೋಡಿ ಪದ್ಧತಿ ಇರಲಿ, ಅತ್ಯಂತ ನಿಧಾನ ನಡೆಯುವವರು ಮುಂದಿರಲಿ, ಗುಂಪಿನ ಕೊನೆಯಲ್ಲಿ ಒಬ್ಬ ಹಿರಿಯರಿರಲಿ. ಪ್ರತಿಯೊಬ್ಬರ ಕೊರಳಲ್ಲೂ ಸೀಟಿ ಇದ್ದು, ಒಂದು ನಿಮಿಷದಲ್ಲಿ 6 ಬಾರಿ ಊದಿ ಒಂದು ನಿಮಿಷ ನಿಲ್ಲಿಸುವುದು ಅಪಾಯದ ಸಂಕೇತ, 3 ಬಾರಿ ಊದುವುದು ಅದಕ್ಕೆ ಉತ್ತರ ಎಂಬುದು ಎಲ್ಲರಿಗೂ ಗೊತ್ತಿರಬೇಕು. ಹಾದಿ ಗುರುತುಗಳ ಆಟಕ್ಕೂ ಈ ನಡಿಗೆಯೇ ತಕ್ಕ ಸಂದರ್ಭ. ಬಾಣದ ಗುರುತು ಸಾಗುವ ದಿಕ್ಕನ್ನೂ, ಅಡ್ಡಗೆರೆಗಳ ಗುರುತು ಈ ದಾರಿ ಬೇಡ ಎಂಬುದನ್ನೂ, ವೃತ್ತದ ನಡುವಿನ ಚುಕ್ಕೆ 'ಮನೆಗೆ ಹೋಗಿದ್ದೇನೆ' ಎಂಬುದನ್ನೂ ಸೂಚಿಸುತ್ತವೆ. ಕೀನ್ಯಾದ ನ್ಯೇರಿಯಲ್ಲಿರುವ ಬೇಡನ್ ಪೊವೆಲ್ ಸಮಾಧಿಯ ಕಲ್ಲಿನ ಮೇಲೆಯೂ ಇದೇ ಕೊನೆಯ ಗುರುತು ಇದೆ ಎಂದು ಹೇಳಿದರೆ ಮಕ್ಕಳು ಅದನ್ನು ಮರೆಯುವುದಿಲ್ಲ.

ಗುಡುಗು, ಮಿಂಚಿನ ವಿಷಯದಲ್ಲಿ ಧೈರ್ಯ ಪ್ರದರ್ಶನಕ್ಕೆ ಸ್ಥಾನವಿಲ್ಲ. ಮಿಂಚು ಕಂಡು ಗುಡುಗು ಕೇಳುವ ನಡುವಿನ ಅಂತರ 30 ಸೆಕೆಂಡಿಗಿಂತ ಕಡಿಮೆಯಿದ್ದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ ಎಂದರ್ಥ. ಕೂಡಲೇ ಬೆಟ್ಟದ ನೆತ್ತಿ, ಒಂಟಿ ಮರ, ನೀರಿನ ದಡಗಳಿಂದ ದೂರ ಸರಿದು ಗಟ್ಟಿ ಕಟ್ಟಡ ಅಥವಾ ಮುಚ್ಚಿದ ವಾಹನ ಸೇರಬೇಕು; ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬಾರದು. ಡೇರೆಯು ಸಿಡಿಲಿನಿಂದ ರಕ್ಷಣೆ ಕೊಡುವುದಿಲ್ಲ.

ಐದನೆಯ ಹೆಜ್ಜೆ: ಶಿಬಿರದ ನೆಲ

ಡೇರೆ ಹಾಕುವ ಮುನ್ನ ಮೇಲೆ ನೋಡಿ ಒಣಕೊಂಬೆಗಳಿಲ್ಲವೆಂದು, ಕೆಳಗೆ ನೋಡಿ ಅದು ಬತ್ತಿದ ಹಳ್ಳದ ಪಾತ್ರವಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕುಡಿಯುವ ನೀರನ್ನು ಕೊತಕೊತ ಕುದಿಯಲು ಆರಂಭಿಸಿದ ಮೇಲೂ 1 ನಿಮಿಷ ಕುದಿಸಬೇಕು. 2000 ಮೀಟರಿಗಿಂತ ಎತ್ತರದಲ್ಲಿ 3 ನಿಮಿಷ. ಶೌಚಾಲಯವಿಲ್ಲದ ಕಡೆ ನೀರಿನ ಮೂಲದಿಂದಲೂ ಡೇರೆಗಳಿಂದಲೂ 60 ಮೀಟರ್ ದೂರದಲ್ಲಿ 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಬಳಸಿದ ಮೇಲೆ ಮುಚ್ಚಬೇಕು. ಚಳಿಯೆಂದು ಒಲೆಯನ್ನು ಡೇರೆಯೊಳಗೆ ಹಚ್ಚುವುದಂತೂ ಕೂಡದು, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಶಿಬಿರಾಗ್ನಿಗೆ ಹಸಿ ಕೊಂಬೆ ಕಡಿಯದೆ ಬಿದ್ದ ಕಟ್ಟಿಗೆಯನ್ನಷ್ಟೇ ಬಳಸಿ, ಆರಿಸಿದ ಬೂದಿಯ ಮೇಲೆ ನೀರು ಹೊಯ್ದು ಕೆದಕಿ, ಅಂಗೈ ಹಿಂಬದಿಯನ್ನು ಹತ್ತಿರ ಹಿಡಿದು ಬಿಸಿಯಿಲ್ಲವೆಂದು ತಿಳಿದ ಮೇಲೆಯೇ ಮಲಗಲು ಹೋಗಬೇಕು.

ಆರನೆಯ ಹೆಜ್ಜೆ: ಸೇವೆಯ ದಿನ

ಕೆರೆ ಅಥವಾ ಕಡಲ ದಂಡೆಯ ಸ್ವಚ್ಛತೆಗೆ ಹೋದಾಗ ದಪ್ಪ ಕೈಗವಸು ಮತ್ತು ಮುಚ್ಚಿದ ಪಾದರಕ್ಷೆ ಎಲ್ಲರಿಗೂ ಕಡ್ಡಾಯ. ಒಡೆದ ಗಾಜು, ಸೂಜಿ, ಸಿರಿಂಜ್ ಕಂಡರೆ ಸ್ಕೌಟ್ ಮುಟ್ಟದೆ ಕೂಗಿ ಕರೆಯಬೇಕು; ವಯಸ್ಕರೊಬ್ಬರು ಇಕ್ಕಳದಿಂದ ಎತ್ತಿ ಗಟ್ಟಿ ಡಬ್ಬಿಗೆ ಹಾಕಬೇಕು. ಕಸವನ್ನು ಆರಿಸಿ ಒಯ್ದರೆ ಅರ್ಧ ಕೆಲಸ ಮಾತ್ರ ಆದಂತೆ. ಪ್ರತಿ ಪೆಟ್ರೋಲ್‌ನಲ್ಲಿ ಒಬ್ಬರು ಪೆನ್ಸಿಲ್ ಹಿಡಿದು ಬಾಟಲಿ, ಹೊದಿಕೆ ಕಾಗದ, ಸಿಗರೇಟು ತುಂಡು, ಬಲೆಯ ಚೂರು ಹೀಗೆ ವಿಂಗಡಿಸಿ ಗೆರೆ ಎಳೆಯುತ್ತ ಹೋದರೆ, ಅದೇ ಜಾಗಕ್ಕೆ ಮೂರನೆಯ ಸಲ ಹೋಗುವ ಹೊತ್ತಿಗೆ ಕಸ ಎಲ್ಲಿಂದ ಬರುತ್ತಿದೆ ಎಂಬುದು ಗೊತ್ತಾಗತೊಡಗುತ್ತದೆ. ಆ ಪಟ್ಟಿಯನ್ನು ಸ್ಥಳೀಯ ಆಡಳಿತಕ್ಕೆ ಒಪ್ಪಿಸಿ ಇಂತಹ ಕಡೆ ಕಸದ ತೊಟ್ಟಿ ಬೇಕು ಎಂದು ಮಕ್ಕಳೇ ಬರೆದ ಪತ್ರ ಕೊಡುವುದು, ಹತ್ತು ಚೀಲ ಕಸ ಹೊತ್ತದ್ದಕ್ಕಿಂತ ದೂರ ಹೋಗುವ ಸೇವೆ.

ವೃದ್ಧಾಶ್ರಮದಲ್ಲಿ ತೊಡಕು ಬೇರೆ ಬಗೆಯದು. ಮೊದಲ ಭೇಟಿಯಲ್ಲಿ ಮಕ್ಕಳು ಗೋಡೆಗೆ ಅಂಟಿ ನಿಂತು ಸ್ಕಾರ್ಫ್‌ನ ತುದಿ ತಿರುಚುತ್ತಾರೆ, ಏನು ಮಾತಾಡಬೇಕೆಂದು ತೋಚುವುದಿಲ್ಲ. ಹೋಗಿ ಮಾತನಾಡಿ ಎಂದು ಬೆನ್ನಿಗೆ ತಟ್ಟಿದರೆ ಪ್ರಯೋಜನವಾಗದು. ಕೈಗೊಂದು ಕೆಲಸ ಕೊಡಬೇಕು: ಒಬ್ಬರಿಗೆ ಅಂದಿನ ಪತ್ರಿಕೆ, ಇನ್ನೊಬ್ಬರಿಗೆ ಚದುರಂಗದ ಹಲಗೆ, ಮತ್ತೊಬ್ಬರಿಗೆ ಮೊಬೈಲ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಡುವ ಜವಾಬ್ದಾರಿ. ಹಾಸಿಗೆಯ ಪಕ್ಕ ನಿಂತು ಮಾತನಾಡದೆ ಕುರ್ಚಿ ಎಳೆದು ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳುವುದನ್ನು ಮೊದಲೇ ಹೇಳಿಕೊಡಬೇಕು. ಅಲ್ಲಿನವರ ಅನುಮತಿಯಿಲ್ಲದೆ ಛಾಯಾಚಿತ್ರ ತೆಗೆಯುವುದು ಸಲ್ಲದು.

ಏಳನೆಯ ಹೆಜ್ಜೆ: ದಾಖಲೆ ಮತ್ತು ಹಸ್ತಾಂತರ

ಪ್ರತಿ ಕಾರ್ಯಕ್ರಮದ ನಂತರ ಒಂದು ವಾರದೊಳಗೆ ಕೋರ್ಟ್ ಆಫ್ ಆನರ್ ಸೇರಿ ಹಾಜರಿ, ಸೇವೆಯ ಗಂಟೆಗಳು, ಖರ್ಚು, ಸಣ್ಣಪುಟ್ಟ ಗಾಯ, ಕಳೆದುಹೋದ ಸಾಮಗ್ರಿ ಇವನ್ನು ದಳದ ಪುಸ್ತಕದಲ್ಲಿ ಬರೆಯಬೇಕು. ಮುಂದಿನ ವರ್ಷದವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಚಿಕ್ಕ ವಿವರಗಳೇ: ದಾರಿಯಲ್ಲಿ ನೀರು ಎಲ್ಲಿ ಸಿಗುತ್ತದೆ, ಗೇಟಿನ ಬೀಗದ ಕೈ ಯಾರ ಬಳಿ ಇರುತ್ತದೆ, ಯಾವ ಡೇರೆಯ ಕಂಬ ಬಾಗಿದೆ. ಒದ್ದೆ ಡೇರೆಯನ್ನು ಮಡಚಿಡದೆ ಮರುದಿನವೇ ಹರವಿ ಒಣಗಿಸುವ ಸರದಿಯೂ ಅದೇ ಪುಸ್ತಕದಲ್ಲಿರಲಿ.

ಸೇವೆಯ ಸ್ಥಳವೊಂದನ್ನು ಮುಂದಿನ ವರ್ಷ ಬಿಡುವುದೆಂದು ದಳ ತೀರ್ಮಾನಿಸಿದರೆ ಸುಮ್ಮನೆ ಹೋಗುವುದನ್ನು ನಿಲ್ಲಿಸಬಾರದು. ಕನಿಷ್ಠ ಒಂದು ತಿಂಗಳು ಮುಂಚಿತವಾಗಿ ಅಲ್ಲಿಗೆ ಹೋಗಿ ತಿಳಿಸಿ, ಸಾಧ್ಯವಾದರೆ ಇನ್ನೊಂದು ದಳಕ್ಕೋ ಶಾಲೆಯ ಗುಂಪಿಗೋ ಪರಿಚಯಿಸಿ, ಅವರ ಮೊದಲ ಭೇಟಿಗೆ ಹಳೆಯ ಪೆಟ್ರೋಲ್‌ನ ಇಬ್ಬರು ಜೊತೆಗೆ ಹೋಗಿ, ನೀರುಣಿಸುವ ಸರದಿಯ ಪಟ್ಟಿಯನ್ನೂ ಕಸದ ಲೆಕ್ಕದ ಪ್ರತಿಯನ್ನೂ ಅವರಿಗೆ ಕೊಟ್ಟು ಬರಬೇಕು.