ಎಲಿಕಾಟ್ ಸಿಟಿಯ ಹಳೆಯ ರೈಲು ನಿಲ್ದಾಣವನ್ನು ನೋಡುವ ಕ್ರಮ

ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗುವ ಕನ್ನಡಿಗರು ವಾಷಿಂಗ್ಟನ್ನಿನ ದೊಡ್ಡ ವಸ್ತುಸಂಗ್ರಹಾಲಯಗಳ ಜೊತೆಗೆ ಅರ್ಧ ದಿನವನ್ನು ಎಲಿಕಾಟ್ ಸಿಟಿಗೂ ಮೀಸಲಿಡಬೇಕು. ಪಟಾಪ್ಸ್ಕೊ ನದಿಯ ದಡದ ಈ ಪುಟ್ಟ ಊರಿನಲ್ಲಿ, 1830-31ರಲ್ಲಿ ಬಾಲ್ಟಿಮೋರ್ ಅಂಡ್ ಓಹಾಯೊ ಕಂಪನಿಯು ಕಟ್ಟಿದ, ಆ ದೇಶದಲ್ಲಿ ಉಳಿದಿರುವ ಅತ್ಯಂತ ಹಳೆಯ ರೈಲು ನಿಲ್ದಾಣವೇ ಈಗ ವಸ್ತುಸಂಗ್ರಹಾಲಯವಾಗಿದೆ.

ಮೊದಲು, ಅದು ಯಾವ ದಿನ, ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದನ್ನು ವಿಚಾರಿಸಿಕೊಳ್ಳಿ. ಮುಖ್ಯ ಬೀದಿ ಇಕ್ಕಟ್ಟಾಗಿರುವುದರಿಂದ ಕಾರನ್ನು ಸ್ವಲ್ಪ ದೂರದಲ್ಲಿ ನಿಲ್ಲಿಸಿ ನಡೆದು ಬರುವುದು ಒಳ್ಳೆಯದು.

ಬಂದ ಕೂಡಲೇ ಒಳಗೆ ಹೋಗಬೇಡಿ. ಬೀದಿಯಲ್ಲೇ ನಿಂತು ಗ್ರಾನೈಟ್ ಗೋಡೆಗಳನ್ನೂ, ಬೀದಿಗಿಂತ ಎತ್ತರದಲ್ಲಿ ಹಾದುಹೋಗುವ ಹಳಿಗಳನ್ನೂ ನಿಧಾನವಾಗಿ ನೋಡಿ. ನನ್ನ ಮಟ್ಟಿಗೆ ಇಲ್ಲಿನ ಅತ್ಯಮೂಲ್ಯ ವಸ್ತು ಈ ಕಟ್ಟಡವೇ. ಇದನ್ನು ಮುಖ್ಯವಾಗಿ ಸರಕು ಸಾಗಣೆಗೆಂದು ಕಟ್ಟಿದ್ದರು. ಎಲಿಕಾಟ್ ಸಹೋದರರು 1772ರಲ್ಲಿ ಇಲ್ಲಿ ಹಿಟ್ಟಿನ ಗಿರಣಿಯನ್ನು ಸ್ಥಾಪಿಸಿದ್ದರು. ಆ ಹಿಟ್ಟು ಬಾಲ್ಟಿಮೋರ್ ಬಂದರನ್ನು ಸೇರಬೇಕಿತ್ತು. 1830ರ ಮೇ 24ರಂದು ಸಂಚಾರ ಆರಂಭವಾದಾಗ ಸುಮಾರು 21 ಕಿಲೋಮೀಟರಿನ ಈ ಹಾದಿಯಲ್ಲಿ ಗಾಡಿಗಳನ್ನು ಎಳೆದದ್ದು ಕುದುರೆಗಳು. ದಾರಿಯ ನಡುವೆ ಕುದುರೆಗಳನ್ನು ಬದಲಿಸುತ್ತಿದ್ದ ಜಾಗಕ್ಕೆ ಇಂದಿಗೂ ರಿಲೇ ಎಂಬ ಹೆಸರೇ ಇದೆ. ಅದೇ ವರ್ಷದ ಆಗಸ್ಟ್‌ನಲ್ಲಿ ಪೀಟರ್ ಕೂಪರ್ ತಾವು ನಿರ್ಮಿಸಿದ 'ಟಾಮ್ ಥಂಬ್' ಎಂಬ ಚಿಕ್ಕ ಉಗಿ ಎಂಜಿನ್ನನ್ನು ಇದೇ ಹಾದಿಯಲ್ಲಿ ಓಡಿಸಿ ತೋರಿಸಿದರು. ಈ ಕಥೆಯನ್ನು ಮಕ್ಕಳಿಗೆ ಹೊರಗೇ ಹೇಳಿಬಿಟ್ಟರೆ ಒಳಗೆ ಕಾಣುವ ಪ್ರತಿಯೊಂದು ವಸ್ತುವಿಗೂ ಅರ್ಥ ಬರುತ್ತದೆ.

ಆಮೇಲೆ ನಿಲ್ದಾಣದ ಕೋಣೆಗಳನ್ನು ನೋಡಿ, 1885ರ ಗೂಡ್ಸ್ ಶೆಡ್‌ಗೆ ಹೋಗಿ. ಅಲ್ಲಿ ಈ ಮೊದಲ ಹಾದಿಯ ಕಿರು ಮಾದರಿಯಿದೆ. ಮಕ್ಕಳು ಅದನ್ನು ಬಿಟ್ಟು ಕದಲುವುದಿಲ್ಲವಾದ್ದರಿಂದ ಅದನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು. ಹೊರಗೆ 1927ರ ಗಾರ್ಡ್ ಬೋಗಿಯೂ, ಎಂಜಿನ್ ತಿರುಗಿಸುತ್ತಿದ್ದ ಟರ್ನ್‌ಟೇಬಲ್‌ನ ಕಲ್ಲಿನ ಅವಶೇಷವೂ ಇವೆ.

ಪ್ರಯಾಣಿಕರ ರೈಲು 1949ರಲ್ಲೇ ನಿಂತಿದ್ದರೂ ಪಕ್ಕದ ಹಳಿಯಲ್ಲಿ ಗೂಡ್ಸ್ ರೈಲುಗಳು ಈಗಲೂ ಓಡುತ್ತವೆ. ಹಾಗಾಗಿ ಫೋಟೊಗಾಗಿ ಹಳಿಯ ಮೇಲೆ ಕಾಲಿಡಲೇಬೇಡಿ.

ಹೊರಡುವ ಮುನ್ನ ನದಿಯ ಕಡೆಗೆ ನಾಲ್ಕು ಹೆಜ್ಜೆ ನಡೆಯಿರಿ. 1868, 1972, 2016 ಮತ್ತು 2018ರಲ್ಲಿ ನೆರೆ ಈ ಊರನ್ನು ಕಾಡಿದೆ, ಕೆಲವು ಬಾರಿ ಜೀವಗಳನ್ನೂ ಕೊಂಡೊಯ್ದಿದೆ. ಅದನ್ನೆಲ್ಲ ತಾಳಿಕೊಂಡು ನಿಂತ ಕಲ್ಲಿನ ಕಟ್ಟಡವನ್ನು ಆ ನೀರಿನ ಬದಿಯಿಂದ ಒಮ್ಮೆ ತಿರುಗಿ ನೋಡಿ.