ಶಾಲೆಯ ಲೈಬ್ರರಿಗೆ ಪುಸ್ತಕ ಸಾಲುತ್ತಿಲ್ಲವಾ? ಹೀಗೆ ಮಾಡಿ ನೋಡಿ

ಉಡುಪಿ ಕಡೆಯ ಪ್ರೈಮರಿ ಶಾಲೆಗಳಲ್ಲಿ ಲೈಬ್ರರಿ ನೋಡಿಕೊಳ್ಳುವ ಟೀಚರ್‌ಗಳಿಗೆ ಒಂದು ಸಲಹೆ.

ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ಕಥೆಗಳ ವೆಬ್‌ಸೈಟ್ ಒಮ್ಮೆ ನೋಡಿ. 2015ರಿಂದ ಇದೆ, ಪೂರ್ತಿ ಉಚಿತ. ಭಾಷೆ ಕನ್ನಡ ಅಂತ ಆರಿಸಿ, ಆಮೇಲೆ ಓದಿನ ಹಂತ ಆರಿಸಿ. ಒಟ್ಟು 4 ಹಂತ. ನಾನು ಎಡವಿದ್ದೇ ಇಲ್ಲಿ. ಮೂರನೇ ಕ್ಲಾಸಿನ ಹುಡುಗನಿಗೆ 3ನೇ ಹಂತ ಅಂದುಕೊಂಡು ಕೊಟ್ಟೆ. ಒಂದು ಪುಟ ಮುಗಿಯುವ ಮೊದಲೇ ಅವನು ಕಿಟಕಿಯಾಚೆ ಮಳೆ ನೋಡುತ್ತಾ ಕೂತ. ಹಂತಕ್ಕೂ ಕ್ಲಾಸಿಗೂ ಸಂಬಂಧ ಇಲ್ಲ, ಮಗುವಿನ ಓದು ನೋಡಿ ಕೊಡಬೇಕು. ಮರುದಿನ 1ನೇ ಹಂತದ್ದು ಕೊಟ್ಟೆ. ದೊಡ್ಡ ಚಿತ್ರ, ಪುಟಕ್ಕೆ ಒಂದೆರಡು ಸಾಲು. ಬೆರಳಿಟ್ಟು, ಒತ್ತಕ್ಷರ ಬಂದಲ್ಲಿ ಸ್ವಲ್ಪ ನಿಂತು, ಪೂರ್ತಿ ಓದಿದ. "ಟೀಚರ್, ಇನ್ನೊಂದು ಉಂಟಾ?" ಅಂತ ಕೇಳಿದ.

ಜೂನ್ ಬಂತೆಂದರೆ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಿಕ್ಕಾಗದು, ಅಲ್ವಾ? ಅದಕ್ಕೆ ಮೇ ರಜೆಯಲ್ಲೇ ಲಾಗಿನ್ ಆಗಿ ಪಿಡಿಎಫ್ ಇಳಿಸಿಟ್ಟುಕೊಳ್ಳಿ. ಮುಕ್ತ ಪರವಾನಗಿ ಇರುವುದರಿಂದ ಪ್ರಿಂಟ್ ತೆಗೆದು ಹಂಚಬಹುದು. ಬರೆದವರ, ಚಿತ್ರ ಬಿಡಿಸಿದವರ ಹೆಸರಿನ ಪುಟ ಮಾತ್ರ ಬಿಡಬೇಡಿ. ನಾನು ನೂಲಿನಲ್ಲಿ ಹೊಲಿದು ಹಗ್ಗಕ್ಕೆ ನೇತುಹಾಕಿದ್ದೇನೆ. ಮೊಬೈಲ್‌ಗಿಂತ ಅದಕ್ಕೇ ಜಗಳ ಜಾಸ್ತಿ!

ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನೋಡುವ ದೀಕ್ಷಾ ಆ್ಯಪ್ ಪಾಠಕ್ಕೆ ಒಳ್ಳೆಯದು. ಸುಮ್ನೆ ಖುಷಿಗೆ ಓದಲು ಅದಲ್ಲ.

ಇನ್ನೊಂದು ಮಾತು. ಸ್ಟೋರಿವೀವರ್‌ನಲ್ಲಿ ಯಾರು ಬೇಕಾದರೂ ಕಥೆ ಅನುವಾದಿಸಬಹುದು. ಹಾಗಾಗಿ ಮಕ್ಕಳ ಕೈಗೆ ಕೊಡುವ ಮೊದಲು ನೀವೊಮ್ಮೆ ಜೋರಾಗಿ ಓದಿ ನೋಡಿ.