ಪ್ರಬಂಧದ ಪುಸ್ತಕದಲ್ಲಿ ಕೆಂಪು ಶಾಯಿ ಕಡಿಮೆಯಾದದ್ದು ಹೀಗೆ

ಏಳನೇ ತರಗತಿವರೆಗೆ ನಾನು ಮುಂಬಯಿಯ ಕನ್ನಡ ಶಾಲೆಯಲ್ಲಿ ಓದಿದೆ. ಎಂಟಕ್ಕೆ ಇಂಗ್ಲಿಷ್ ಮೀಡಿಯಂ. ಅಲ್ಲಿ ಇಂಗ್ಲಿಷ್ ಟೀಚರ್ ವಾರಕ್ಕೊಂದು ಪ್ರಬಂಧ ಬರೆಸುತ್ತಿದ್ದರು, ನನ್ನ ಪುಸ್ತಕ ಪ್ರತಿ ಸಲ ಕೆಂಪು ಶಾಯಿ ತುಂಬಿಕೊಂಡೇ ವಾಪಸ್ ಬರುತ್ತಿತ್ತು, ಮನೆಗೆ ಬಂದು ಅತ್ತದ್ದೂ ಇದೆ.

ಒಂದು ಭಾನುವಾರ ಹಳೇ ತಪ್ಪುಗಳನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿದೆ. ಆಗ ಗೊತ್ತಾಯಿತು, ಮುಖ್ಯವಾದ ತಪ್ಪು ಎರಡೇ. ಕನ್ನಡದಲ್ಲಿ 'ನಾನು ಪುಸ್ತಕ ಓದಿದೆ' ಅಂತೀವಿ, ಕ್ರಿಯಾಪದ ಕೊನೆಗೆ. ಇಂಗ್ಲಿಷಿನಲ್ಲಿ ಅದು 'ನಾನು' ಆದ ಕೂಡಲೇ ಬರಬೇಕು. ವಾಕ್ಯ ಉದ್ದವಾದಾಗಲೆಲ್ಲ ನಾನು ಕನ್ನಡದ ಜಾಡು ಹಿಡಿಯುತ್ತಿದ್ದೆ. ಎರಡನೆಯದು ಇಂಗ್ಲಿಷಿನ 'ಎ' (a) ಮತ್ತು 'ದ' (the). ನಮ್ಮ ಭಾಷೆಯಲ್ಲಿ ಅಂಥದ್ದು ಇಲ್ಲ ಅಲ್ವಾ, ಮರಾಠಿಯಲ್ಲೂ ಇಲ್ಲ, ಹಾಗಾಗಿ ಪಕ್ಕದ ಗೆಳತಿಗೂ ಅದೇ ಕಷ್ಟ.

ಆಮೇಲೆ ಯಾರು, ಏನು ಮಾಡಿದರು ಅಂತ ಮೊದಲು ಬರೆದು, ಉಳಿದದ್ದನ್ನು ಸೇರಿಸುತ್ತಾ ಹೋದೆ. ಒಪ್ಪಿಸುವ ಮುಂಚೆ ಎರಡು ಸಲ ಓದುತ್ತಿದ್ದೆ, ಒಂದು ಸಲ ಬರೀ 'ಎ', 'ದ' ಹುಡುಕಲು. ದಿನಾ ಇಂಗ್ಲಿಷ್ ಪೇಪರಿನ ಒಂದು ಪ್ಯಾರಾ ಜೋರಾಗಿ ಓದಿದೆ, ಸುಮ್ನೆ ಕಣ್ಣಾಡಿಸುವುದಲ್ಲ. ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ.

ದೀಪಾವಳಿ ರಜೆಯ ನಂತರದ ಮೊದಲ ಪ್ರಬಂಧದಲ್ಲಿ ನಾಲ್ಕೇ ಕೆಂಪು ಗುರುತು. ಆ ಪುಟವನ್ನು ಅಮ್ಮನಿಗೆ ತೋರಿಸಿದೆ.